ಕಂಬಕ್ಕೆ ಹೇಳಿದ ಮಾತು

ಕೊಯಮತ್ತೂರಿನ ಪಕ್ಕದ ಪೋತ್ತನೂರಿಗೆ ಬಂದ ಎರಡನೇ ದಿನ ಬೆಳಿಗ್ಗೆ, ಪಕ್ಕದ ಮನೆಯ ಹೆಂಗಸೊಬ್ಬರು ಕಂಬದ ಜೊತೆ ಮಾತಾಡುವುದನ್ನು ಕಂಡೆ. ಅದೂ ಕನ್ನಡದಲ್ಲಿ!

"ತೂಣು, ನೀರು ಕಾದದೆ. ಆರೋಕೆ ಮುಂಚೆ ಸ್ನಾನ ಆದ್ರೆ ಒಳ್ಳೇದು" ಎಂದರು. ತೂಣು ಎಂದರೆ ತಮಿಳಿನಲ್ಲಿ ಕಂಬ. ಜಗಲಿಯ ಮೇಲೆ ಕೂತಿದ್ದ ಹಣ್ಣು ಹಣ್ಣು ಮುದುಕರೊಬ್ಬರು "ಹೂಂ, ಬರ್ತೀನಂತ ಹೇಳು ತೂಣು" ಎಂದು ಗೊಣಗಿ, ಪಂಚೆ ಕೊಡವಿಕೊಂಡು ಬಚ್ಚಲಿಗೆ ನಡೆದರು. ನಾನು ಕೊಡ ಹಿಡಿದುಕೊಂಡು ನಿಂತೇ ಇದ್ದೆ. ಅಯ್ಯೋ ಶಿವನೇ, ಎಂಥಾ ಊರಿಗೆ ಬಂದು ಬಿದ್ದೆವಪ್ಪಾ ಅನ್ನಿಸಿತು.

ಆ ಹೆಂಗಸು ನನ್ನ ಮುಖ ನೋಡಿ ನಕ್ಕುಬಿಟ್ಟರು. "ಯಾಕ ಕಣ್ಣು ಹಂಗ ನೋಡ್ತೀಯ? ಅವ್ರು ನಂಗೆ ಮಾವನಾರು. ಮೊಗಕ್ಕೆ ಮೊಗ ಕೊಟ್ಟು ಹೇಳಕ್ಕಾಗುಮಾ? ಅದ್ಕೆ ತೂಣಿಗೆ ಹೇಳ್ತೀನಿ. ಅವ್ರು ಕೇಳ್ಕತಾರೆ." ಇಲ್ಲಿ ಅಕ್ಕರೆ ಬಂದವರನ್ನೆಲ್ಲ ಕಣ್ಣು ಎನ್ನುತ್ತಾರೆ. ರುಕ್ಕಮ್ಮ ಎಂದು ಅವರ ಹೆಸರು, ಐವತ್ತು ದಾಟಿದ ನೇಕಾರ ಹೆಂಗಸು. ಮದುವೆಯಾಗಿ ಬಂದಂದಿನಿಂದ ಮಾವನೊಡನೆ ಹೀಗೇ ಸಂಸಾರ ನಡೆಸಿದ್ದಾರೆ. ಎಷ್ಟೋ ತಲೆಮಾರಿನ ಹಿಂದೆ ಮೈಸೂರು ಸೀಮೆಯಿಂದ ಬಂದವರಂತೆ. ಕನ್ನಡ ಓದಲು ಬಾರದು. ಆಡುವ ಕನ್ನಡದಲ್ಲಿ ತಮಿಳಿನ ರಾಗ.

ನಾವು ಅರಸೀಕೆರೆಯವರು. ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮವರಿಗೆ ರೈಲ್ವೆಯಲ್ಲಿ ವರ್ಗವಾಗಿ ಇಲ್ಲಿಯ ವರ್ಕ್‌ಶಾಪಿಗೆ ಬಂದೆವು. ಕ್ವಾರ್ಟರ್ಸ್ ಸಿಗದೆ ನೇಕಾರರ ಈ ಓಣಿಯಲ್ಲಿ ಬಾಡಿಗೆ ಹಿಡಿದೆವು. ಬೆಳಗಾದರೆ ಮಗ್ಗದ ಸದ್ದು, ಸಂಜೆಯಾದರೆ ಎಂಜಿನ್ನಿನ ಸದ್ದು. ಅಂಗಡಿಯಲ್ಲಿ ರಾಗಿ ಕೇಳಿದರೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲವಾ ಎನ್ನುತ್ತಿದ್ದರು. ನೀರು ಮಾತ್ರ ಸಿಹಿ, ಅದನ್ನು ಒಪ್ಪಲೇಬೇಕು.

ನನ್ನ ನಿಜವಾದ ಕಷ್ಟ ರಾಗಿಯದಲ್ಲ, ಸುಮಳದು. ಸುಮ ನನ್ನ ಮಗಳು, ಆಗ ಏಳು ವರ್ಷ. ಒಂದು ಸಲ ಕೇಳಿದ ರೈಲಿನ ವೇಳೆ ಮರೆಯುತ್ತಿರಲಿಲ್ಲ. ಬಟ್ಟೆಯ ಅಂಚು ಬೆರಳಲ್ಲಿ ಸವರಿಕೊಂಡು ಗಂಟೆಗಟ್ಟಲೆ ಕೂರುತ್ತಿದ್ದಳು. ಆದರೆ "ಬಾ" ಎಂದರೆ ಬಾರಳು, "ಉಣ್ಣು" ಎಂದರೆ ಹಸಿದಿದ್ದರೂ ಉಣ್ಣಳು. ಅವಳಿಗೇ ಇಷ್ಟವಾದ ಹಸಿರು ಲಂಗವನ್ನು "ಹಾಕ್ಕೋ" ಎಂದರೆ ನೆಲಕ್ಕೆ ಬಿದ್ದು ಹೊರಳಾಡುವಳು. ಹಟ ಅಲ್ಲ ಅದು. ಕಣ್ಣಲ್ಲಿ ಹೆದರಿಕೆ ಇರುತ್ತಿತ್ತು, ಹೆತ್ತವಳಿಗೆ ಅಷ್ಟು ಗೊತ್ತಾಗದೇ? ಕೊಯಮತ್ತೂರಿನ ಡಾಕ್ಟರೊಬ್ಬರು ಚೀಟಿಯಲ್ಲಿ 'ಆಟಿಸಂ' ಎಂದು ಬರೆದುಕೊಟ್ಟರು. ಕೆಲವು ಮಕ್ಕಳು ಹೀಗೆಯೇ ಹುಟ್ಟುತ್ತಾರೆ, ಔಷಧವಿಲ್ಲ, ಹೇಳಿದ್ದನ್ನು ಮಾಡುವುದೇ ಇವಳಿಗೆ ಭಾರ ಎಂದರು. ಹಾಗಾದರೆ ಯಾವ ಸ್ಕೂಲಿಗೆ ಹಾಕಲಿ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಅಷ್ಟೇ.

ಅರಸೀಕೆರೆಯಲ್ಲಿ ಎಲ್ಲರೂ ಮುಖಕ್ಕೆ ಹೊಡೆದಂತೆ ಮಾತಾಡುವವರು. ನಾನೂ ಅದೇ ಜಾತಿಯವಳು. ಅಲ್ಲಿನ ಸ್ಕೂಲಲ್ಲಿ ಸುಮ ಎರಡು ತಿಂಗಳು ಕೂತಿದ್ದಳು. ಮೇಷ್ಟ್ರು ಹೊಡೆದ ಮೇಲೆ ಆ ಬೀದಿಗೇ ಕಾಲಿಡಲಿಲ್ಲ. ನಮ್ಮತ್ತೆಯ ಮದ್ದು ಹುಣಸೆ ಬರಲು. ಈಗ ನಮ್ಮವರು ಒಂದು ಮಾತು ಹೇಳಿಬಿಟ್ಟಿದ್ದರು: "ಈ ಜೂನಲ್ಲಿ ಎಲ್ಲಾದ್ರೂ ಸೇರಿದ್ರೆ ಸರಿ. ಇಲ್ಲಾಂದ್ರೆ ಊರಿಗೆ ಬಿಟ್ಟುಬರೋಣ, ಅಮ್ಮ ನೋಡ್ಕೋತಾಳೆ. ನಿನ್ನ ಮುಖ ನೋಡು, ಅರ್ಧ ಆಗಿದ್ದೀಯ." ಅವರು ಕೆಟ್ಟವರಲ್ಲ. ಸೋತಿದ್ದರು. ಆದರೂ ಆ ಹುಣಸೆ ಬರಲಿನ ಕೈಗೆ ಅವಳನ್ನು ಕೊಡಲಾರೆ ಎಂದು ಮರುದಿನವೇ ಸ್ಕೂಲು ಹುಡುಕಲು ಹೊರಟೆ.

ಮೊದಲು ಇಂಗ್ಲಿಷ್ ಸ್ಕೂಲೊಂದಕ್ಕೆ ಹೋದೆವು. ಹೆಸರು ಹೇಳು, ಪದ್ಯ ಹೇಳು ಎಂದರು. ಸುಮ ಮೇಜಿನ ಕೆಳಗೆ ಸೇರಿಕೊಂಡು ಕಿವಿ ಮುಚ್ಚಿಕೊಂಡಳು. ಇಂಥವರಿಗೆ ಬೇರೆ ಕಡೆ ಇದೆಯಲ್ಲ ಎಂದರು. ಆ 'ಬೇರೆ ಕಡೆ'ಯನ್ನೂ ನೋಡಿ ಬಂದೆ. ಎರಡು ಬಸ್ಸು ಬದಲಿಸಿ ಹೋಗುವ ಜಾಗ. ಮಕ್ಕಳು ಸಾಲಾಗಿ ಕೂತಿದ್ದರು, ಒಬ್ಬಾಕೆ ಚಪ್ಪಾಳೆ ತಟ್ಟಿದಾಗ ಎಲ್ಲರೂ ಕೈ ಎತ್ತಬೇಕು, ಮತ್ತೊಮ್ಮೆ ತಟ್ಟಿದರೆ ಇಳಿಸಬೇಕು. ಆಕೆ ಒಳ್ಳೆಯವಳೇ. ಆದರೆ ಅಲ್ಲಿ ದಿನವಿಡೀ ಅಪ್ಪಣೆಯೇ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ.

ಆ ವಾರ ಸುಮ ಊಟ ಬಿಟ್ಟಳು. ಬಾಗಿಲಲ್ಲಿ ನಿಂತು ನಾನು ಕೂಗಾಡುವುದನ್ನು ಕೇಳಿ ರುಕ್ಕಮ್ಮ ಬಂದರು, ಕೈಯಲ್ಲಿ ಅರಿಸಿಪರುಪ್ಪು. ಅಕ್ಕಿ ಬೇಳೆ ಒಟ್ಟಿಗೆ ಬೇಯಿಸಿದ ಅನ್ನ, ಇವರ ಮಾತಿನಲ್ಲಿ ಸೋರು. ಈ ಸೀಮೆಯವರಿಗೆ ಅದೆಂದರೆ ಪ್ರಾಣ. ಸುಮಳ ಕಡೆ ನೋಡಲೇ ಇಲ್ಲ. ತಟ್ಟೆಯನ್ನು ನಮ್ಮ ನಡುಮನೆಯ ಕಂಬದ ಬುಡದಲ್ಲಿಟ್ಟು, "ತೂಣು, ಸೋರು ಬಿಸಿಯಾಗಿದೆ. ಮೇಲೆ ತುಪ್ಪ ಬಿಟ್ಟಿದೀನಿ" ಎಂದು ಹೇಳಿ, ನನ್ನ ಕೈ ಹಿಡಿದು ಹೊರಗೆ ಎಳೆದುಕೊಂಡು ಹೋದರು. ಹತ್ತು ನಿಮಿಷ ಬಿಟ್ಟು ಬಂದು ನೋಡಿದರೆ ತಟ್ಟೆ ಖಾಲಿ!

ನನಗೆ ನಗು ಬಂತು, ಅಳುವೂ ಬಂತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ಏಳು ವರ್ಷ ಹೆಣಗಿದವಳು ನಾನು.

ಅಂದಿನಿಂದ ನಾನೂ ಕಂಬ ಹಿಡಿದೆ. "ತೂಣು, ನೀರು ಬೆಚ್ಚಗಿದೆ", "ತೂಣು, ಹಸಿರು ಲಂಗ ಹಗ್ಗದ ಮೇಲಿದೆ." ಪ್ರತಿ ಸಲ ನಡೆಯುತ್ತಿತ್ತು ಎಂದುಕೊಳ್ಳಬೇಡಿ. ಮೂರು ಸಲಕ್ಕೆ ಒಂದು ಸಲ ಕೈಗೂಡಿದರೆ ದೊಡ್ಡದು. ಅವಸರದಲ್ಲಿ ನನ್ನ ಅರಸೀಕೆರೆ ಬಾಯಿ ಮುಂದೆ ಓಡಿಬಿಡುತ್ತಿತ್ತು, ಅಲ್ಲಿಗೆ ಆ ದಿನ ಕೆಟ್ಟಿತು.

ಓಣಿಯ ಕೊನೆಯಲ್ಲಿ ಐದನೇ ಕ್ಲಾಸಿನವರೆಗಿನ ತಮಿಳು ಶಾಲೆಯೊಂದಿತ್ತು. ಹೆಂಚಿನ ಸೂರು, ಉದ್ದ ಜಗಲಿ, ಜಗಲಿಗೆ ಆರು ಕಂಬ. ನಗಬೇಡಿ, ಕಂಬ ಎಣಿಸಿಯೇ ನಾನು ಆ ಶಾಲೆ ಆರಿಸಿದ್ದು. ಭಾಷೆಗೆಂದು ರುಕ್ಕಮ್ಮನನ್ನು ಜೊತೆಗೆ ಕರೆದುಕೊಂಡು ನಾವು ಮೂವರೂ ಹೋದೆವು.

ಸುಮಳ ಹುಟ್ಟಿದ ತಾರೀಖಿನ ಕಾಗದ ಊರಿನ ಪೆಟ್ಟಿಗೆಯಲ್ಲೇ ಉಳಿದಿತ್ತು. ಹೆಡ್‌ಮಾಸ್ಟರು ಪರವಾಗಿಲ್ಲ ಎಂದರು. ನಮ್ಮಲ್ಲಿಯ ಪರೀಕ್ಷೆಯೇ ಅಲ್ಲೂ: ಬಲಗೈ ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ವಯಸ್ಸಾಗಿದೆ, ಇಲ್ಲವಾದರೆ ಇಲ್ಲ. ಏಳು ವರ್ಷದವಳ ಕೈಗೆ ಧಾರಾಳವಾಗಿ ಎಟಕುತ್ತದೆ. ಆದರೆ ಎತ್ತಬೇಕಲ್ಲ!

"ಕೈಯ ತಲೆ ಮೇಲೆ ಪೋಟ್ಟು ಕಾದ ತೊಡು ಪಾಪಾ" ಎಂದು ತಮ್ಮ ಕಿವಿ ಮುಟ್ಟಿ ತೋರಿಸಿದರು. ಸುಮ ಎರಡೂ ಕೈಯನ್ನು ಲಂಗದಲ್ಲಿ ಸುತ್ತಿಕೊಂಡಳು. ಮತ್ತೊಮ್ಮೆ ಹೇಳಿದರು. ನಮ್ಮವರಿಗೆ ಅವಮಾನವಾಯಿತೇನೋ, ಅವಳ ಮಣಿಕಟ್ಟು ಹಿಡಿದು ತಲೆಯ ಮೇಲಿಡಲು ಹೋದರು. ಸುಮ ಕಚ್ಚಿದಳು. ಕಿರುಚಿಕೊಂಡು ಜಗಲಿಗೆ ಓಡಿ ಕಂಬಕ್ಕೆ ಬೆನ್ನು ಕೊಟ್ಟು ಕೂತಳು. ಹೆಡ್‌ಮಾಸ್ಟರು ರಿಜಿಸ್ಟರ್ ಮುಚ್ಚಿದರು. ಬರುವ ವರ್ಷ ನೋಡೋಣ ಎಂದರಂತೆ. ನಮ್ಮವರು ಕೈ ಒರೆಸಿಕೊಳ್ಳುತ್ತಾ ನನ್ನತ್ತ ನೋಡಿದರು. ಆ ನೋಟದಲ್ಲಿ ಅರಸೀಕೆರೆಯ ಟಿಕೆಟ್ ಕಂಡಿತು ನನಗೆ. ಮುಗೀತು ಅಂದುಕೊಂಡೆ.

ರುಕ್ಕಮ್ಮ ಜಗಲಿಗೆ ಹೋಗಿ ಆ ಕಂಬದ ಇನ್ನೊಂದು ಬದಿಗೆ ಕಾಲು ಚಾಚಿ ಕೂತರು. "ತೂಣು, ಇಲ್ಲಿ ಒಂದು ಆಟ. ಕೈ ಹಿಂಗ ಹಾಯಿಸಿ ಕಿವಿ ಮುಟ್ಟಬೇಕಾಮ. ನನ್ನ ಕೈ ಎಟಕ್ತದಾ ನೋಡು" ಎಂದು ತಮ್ಮ ಕೈಯನ್ನೇ ನರೆಗೂದಲ ಮೇಲೆ ಹಾಯಿಸಿ ಕಿವಿ ಮುಟ್ಟಿಕೊಂಡರು. ಓಲೆ ಅಲ್ಲಾಡಿತು. ಅಲ್ಲೇ ಸರೋಜಾ ಟೀಚರ್ ನಿಂತಿದ್ದರು, ಒಂದನೇ ಕ್ಲಾಸಿನವರು. ಅವರೂ ಪಕ್ಕದಲ್ಲಿ ಕೂತು ಹಾಗೆಯೇ ಮಾಡಿದರು. ಇಬ್ಬರೂ ಕಿವಿ ಹಿಡಿದುಕೊಂಡು ಅಂಗಳ ನೋಡುತ್ತಾ ಕೂತರು. ಯಾರೂ ಸುಮಳ ಕಡೆ ತಿರುಗಲಿಲ್ಲ.

ಎಷ್ಟು ಹೊತ್ತೋ. ಸುಮ ಎದ್ದಳು. ಟೀಚರ ಹಿಂದೆ ಹೋಗಿ ನಿಂತು, ಅವರ ತಲೆಯ ಮೇಲಿಂದ ತನ್ನ ಪುಟ್ಟ ಕೈ ಹಾಯಿಸಿ ಅವರ ಕಿವಿ ಮುಟ್ಟಿದಳು.

ಟೀಚರ್ ಅಲುಗಾಡದೆ ಒಳಗೆ ಕೂಗಿ ಏನೋ ಅಂದರು. ರುಕ್ಕಮ್ಮ ನನಗೆ ಹೇಳಿದರು: "ಎಟಕ್ತು, ಹೆಸರು ಬರೀರಿ ಅಂತಾಳೆ." ಹೆಡ್‌ಮಾಸ್ಟರು ಇದು ಯಾವ ಕಾನೂನಮ್ಮಾ ಎನ್ನುವಂತೆ ನೋಡಿದರು, ನಿಟ್ಟುಸಿರು ಬಿಟ್ಟರು, ಬರೆದರು.

ಕಥೆ ಇಲ್ಲಿಗೆ ಸುಖವಾಯಿತು ಎಂದು ಹೇಳಲಾರೆ. ಸುಮ ವಾರದಲ್ಲಿ ಮೂರು ದಿನ ಹೋಗುವಳು, ಎರಡು ದಿನ ಹೊಸ್ತಿಲು ದಾಟಳು. ಪರೀಕ್ಷೆಯ ಕಾಗದ ಹರಿದು ಹಾಕಿದಳು. ಆದರೆ ಸರೋಜಾ ಟೀಚರ್ ಬೋರ್ಡಿಗೆ ಪಾಠ ಹೇಳುತ್ತಿದ್ದರು, ಕಿಟಕಿಗೆ ಲೆಕ್ಕ ಕೇಳುತ್ತಿದ್ದರು, ಅವಳು ಕಂಬದ ಪಕ್ಕ ಕೂತು ಕೇಳಿಸಿಕೊಳ್ಳುತ್ತಿದ್ದಳು. ತಮಿಳು ಓದತೊಡಗಿದಳು. ಕನ್ನಡ ಅಕ್ಷರ ಕಲಿಸಲು ನಾನು ಸ್ಲೇಟು ಹಿಡಿದರೆ ಓಡುತ್ತಿದ್ದಳು. ನನ್ನ ಮಗಳು ನನ್ನಮ್ಮನ ಕಾಗದ ಓದಲಾರಳು. ಅದು ನನ್ನನ್ನು ಒಳಗೊಳಗೇ ಕೊರೆಯುತ್ತಿತ್ತು.

ಮೂರನೇ ವರ್ಷ, ನಮ್ಮವರಿಗೆ ಅರಸೀಕೆರೆಗೇ ವರ್ಗವಾಯಿತು. ಅರ್ಜಿ ಹಾಕಿ, ಹಾಕಿ ಎಂದು ಪೀಡಿಸಿದವಳು ನಾನೇ. ಆರ್ಡರ್ ಕೈಯಲ್ಲಿ ಹಿಡಿದು ಬಂದ ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಇತ್ತು. ನನಗೂ ನಮ್ಮೂರಿನ ತೆಂಗಿನ ತೋಟ, ಮುದ್ದೆ, ಅಮ್ಮನ ಬೈಗುಳ ಎಲ್ಲ ಒಟ್ಟಿಗೆ ನುಗ್ಗಿ ಬಂದು ಕಣ್ಣು ತುಂಬಿತು. ಹಾಗೇ ನಡುಮನೆ ನೋಡಿದೆ. ಸುಮ ಕಂಬಕ್ಕೆ ಒರಗಿ ಕೂತಿದ್ದಳು.

"ತೂಣು" ಎಂದಳು ಮೆಲ್ಲಗೆ, "ಅರಸೀಕೆರೆ ಪಳ್ಳಿಕೂಡದಲ್ಲಿ ಮೊಗಕ್ಕೇ ಮಾತಾಡ್ತಾರಾ?"

ಪಳ್ಳಿಕೂಡ ಎಂದರೆ ಶಾಲೆ. ನಮ್ಮವರ ಕೈಯಲ್ಲಿದ್ದ ಆ ಕಾಗದ ನೋಡಿದೆ. ಬೇಡ ಎನ್ನಬೇಕು, ಆದರೆ ಅವರ ಮುಖ ನೋಡಿ ಹೇಳುವ ಧೈರ್ಯ ನನಗೆ, ಅರಸೀಕೆರೆಯ ಗಟ್ಟಿಬಾಯಿಯವಳಿಗೆ, ಆ ಹೊತ್ತು ಇರಲಿಲ್ಲ. ಹೋಗಿ ಸುಮಳ ಪಕ್ಕ ಕೂತೆ.

"ತೂಣು" ಎಂದೆ, "ನಾವು ಊರಿಗೆ ಹೋಗೋದಿಲ್ಲ."

ನಮ್ಮವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, ಮೊದಲ ಸಲ, ಕಂಬದ ಕಡೆ ತಿರುಗಿ ಹೇಳಿದರು: "ಆಗಲಿ ಅಂತ ಹೇಳು."