ಬೆರಳಿಗೆ ತೆರೆಯದ ಹೆಸರು

ಇತಾಗ್ವಾ ಊರಿನ ನಮ್ಮ ಲೇಸ್ ಹೆಣೆಯುವ ಹೆಂಗಸರ ಸಂಘಕ್ಕೆ ವೆಬ್ ಪುಟ ಮಾಡಿಕೊಟ್ಟವಳು ನಿಲ್ಸಾ ಬಾರೆಯ್ರೊ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಅವಳು ಸಿಕ್ಕಿದ್ದು ನಮ್ಮ ಪುಣ್ಯ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ಚಿತ್ರದ ಮೇಲೆ ಅಕ್ಷರ ಬಂದರೆ ಹೆಣಿಗೆಯ ಅಂದ ಕೆಡುತ್ತದೆ ಎಂದು ಹಟ ಹಿಡಿದವರು ನಾವೇ. ಅದಕ್ಕೇ ನಿಲ್ಸಾ ಹೆಸರುಗಳನ್ನು ಅಡಗಿಸಿಟ್ಟಳು. ಮೌಸಿನ ಬಾಣ ಚಿತ್ರದ ಮೇಲೆ ಸುಳಿದರೆ ಸಾಕು, ಹೆಣೆದವಳ ಹೆಸರು ಮೆಲ್ಲಗೆ ಮೂಡುತ್ತಿತ್ತು. ಅವಳ ಕಂಪ್ಯೂಟರಿನಲ್ಲಿ ಅದನ್ನು ನೋಡಿ ನಾನಂತೂ ಕುಣಿದಾಡಿಬಿಟ್ಟೆ.

ಪುಟ ಶುರುವಾದ ಬೆಳಿಗ್ಗೆಯೇ ಬಸಿಲಿಯಾ ಸಂಘದ ಕೋಣೆಗೆ ನುಗ್ಗಿ ಬಂದಳು. ನಮ್ಮೆಲ್ಲರಿಗಿಂತ ಹಿರಿಯಳು. ಆಯುಷ್ಯವೆಲ್ಲ ಹೆಣೆದದ್ದು ಹೆದ್ದಾರಿಯ ಅಂಗಡಿಗಳಲ್ಲಿ ಹೆಸರಿಲ್ಲದೆ ಮಾರಿಹೋಗಿತ್ತು. ಒಮ್ಮೆಯಾದರೂ ತನ್ನ ಹೆಸರು ಕಾಣಲಿ ಎಂಬುದೊಂದೇ ಅವಳ ಆಸೆ. ಮೊಬೈಲನ್ನು ಮೇಜಿನ ಮೇಲೆ ಕುಕ್ಕಿ, "ಚಿತ್ರ ಒತ್ತಿ ಒತ್ತಿ ಬೆರಳು ಸವೀತು. ನನ್ನ ಹೆಸರು ಎಲ್ಲಿದೆಯಮ್ಮಾ? ನೀವೂ ನುಂಗಿಬಿಟ್ರಾ?" ಎಂದಳು. ಮಧ್ಯಾಹ್ನದೊಳಗೆ ಕಾಣದಿದ್ದರೆ ಮಾರಾಟಕ್ಕೆ ಕೊಟ್ಟಿದ್ದ ತನ್ನ ಲೇಸ್ ಮೇಜುಹಾಸನ್ನು ಮನೆಗೆ ಒಯ್ಯುತ್ತೇನೆ ಎಂದೂ ಗುಡುಗಿದಳು.

ನನ್ನ ಮೊಬೈಲಿನಲ್ಲಿ ಒತ್ತಿದರೆ ಹೆಸರು ಬರುತ್ತಿತ್ತು, ಅವಳದರಲ್ಲಿ ಇಲ್ಲ! ನಿಲ್ಸಾ ಎಲ್ಲರ ಮೊಬೈಲುಗಳನ್ನೂ ಕಿತ್ತುಕೊಂಡು ಸಾಲಾಗಿ ಇಟ್ಟಳು. ಎಲೆ ನೆನೆಸಿದ ತಣ್ಣನೆಯ ಪಾನೀಯ ತೆರೆರೆಯ ಲೋಟ ಕೈಯಿಂದ ಕೈಗೆ ಸುತ್ತುತ್ತಿತ್ತು, ಅವಳು ತನ್ನ ಸರದಿಯ ಗುಟುಕನ್ನೂ ಬಿಟ್ಟಳು. ಕೊನೆಗೂ ಸಿಕ್ಕಿತು. ಬೆರಳು ಬಾಣದಂತೆ ಸುಳಿಯುವುದಿಲ್ಲ, ನೇರ ಒತ್ತುತ್ತದೆ. ಕೆಲವು ಬ್ರೌಸರುಗಳು ಒತ್ತಿದ್ದನ್ನೇ ಸುಳಿದದ್ದೆಂದು ಒಪ್ಪಿಕೊಳ್ಳುತ್ತವೆ. ಬಸಿಲಿಯಾಳದು ಒಪ್ಪುತ್ತಿರಲಿಲ್ಲ, ಅದರ ಪಾಲಿಗೆ ಅದು ಬರೀ ಚಿತ್ರ, ಒತ್ತುವ ಗುಂಡಿಯಲ್ಲ.

"ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ಊರೆಲ್ಲ ಮೊಬೈಲಲ್ಲಿ ನೋಡ್ತಾರೆ, ನಾನು ಮೌಸ್ ಹಿಡ್ಕೊಂಡು ಕೂತಿದ್ದೆ" ಎಂದು ತನ್ನನ್ನೇ ಬೈದುಕೊಳ್ಳುತ್ತ ನಿಲ್ಸಾ ಒಂದೊಂದು ಚಿತ್ರವನ್ನೂ ಗುಂಡಿಯನ್ನಾಗಿ ಮಾಡಿದಳು. ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಬಸಿಲಿಯಾ ಮೇಜುಹಾಸಿನ ಚಿತ್ರ ಒತ್ತಿದಳು. ಬಸಿಲಿಯಾ ಒಹೆದಾ ಎಂದು ಹೆಸರು ಮೂಡಿತು. ನಾವೆಲ್ಲ ಹೋ ಎಂದು ಕೂಗಿದೆವು. ಅವಳು ಮಾತ್ರ ನಗಲಿಲ್ಲ. ಇನ್ನೊಮ್ಮೆ ಒತ್ತಿದಳು, ಬಹಳ ಹೊತ್ತು ನೋಡಿದಳು.

"ನಡುವಿನ ಚಕ್ರ ನಾನು ಹೆಣೆದದ್ದಲ್ಲ. ದೆಲ್ಫಿನಾ ಹೆಣೆದದ್ದು. ಅವಳ ಹೆಸರೂ ಹಾಕು ಮಗಾ, ನನ್ನದಕ್ಕಿಂತ ಮೇಲೆ."

ದೆಲ್ಫಿನಾ ಬಸಿಲಿಯಾಳ ತಂಗಿ, ಸಂಘದ ಕೋಣೆಯ ಎದುರು ಮನೆಯವಳು. ಆ ಹಾಸು ಮುಗಿದ ಮೇಲೆ ಜಗಳವಾಗಿ, ಅಂದಿನಿಂದ ಅಕ್ಕತಂಗಿಯರಿಗೆ ಮಾತಿಲ್ಲ. ನಿಲ್ಸಾ ಬೆರಳಚ್ಚು ಮುಗಿಸುವ ಮೊದಲೇ ನಾನು ಬರಿಗಾಲಲ್ಲಿ ಬೀದಿಗಿಳಿದು ದೆಲ್ಫಿನಾಳ ಬಾಗಿಲು ಬಡಿಯುತ್ತಿದ್ದೆ.