ದೀಪ ನೋಡಲು ಇಳಿದ ಮಾವ

ಬೆಳಿಗ್ಗೆ ಒಂಬತ್ತು ಹತ್ತಕ್ಕೆ, ಕಂಪಲಾಪುರದಲ್ಲಿ ಬಲಕ್ಕೆ ತಿರುಗಬೇಕಾದಲ್ಲಿ, ನನ್ನ ಸೋದರಮಾವ ಹೆದ್ದಾರಿಯ ನಟ್ಟನಡುವೆ ಕಾರು ನಿಲ್ಲಿಸಿ ಇಳಿದೇಬಿಟ್ಟರು. ಅಷ್ಟು ವರ್ಷವೂ ಕಿಟಕಿಯಿಂದ ಕೈ ಚಾಚಿ ಸನ್ನೆ ಮಾಡಿಯೇ ತಿರುಗಿಸುತ್ತಿದ್ದ ತಾತನ ಕಾಲದ ಮಾರಿಸ್ ಕಾರಿಗೆ ಹಿಂದಿನ ದಿನವಷ್ಟೇ ಹುಣಸೂರಿನಲ್ಲಿ ಟ್ರ್ಯಾಕ್ಟರಿನ ಇಂಡಿಕೇಟರ್ ಹಾಕಿಸಿದ್ದರು.

"ಎಲ್ಲಿಗೆ ಮಾವ?" ಎಂದು ಒಳಗಿನಿಂದ ಕಿರುಚಿದೆ.

"ಹಿಂದ್ಗಡೆ ಮಿಣುಕ್ತಾ ಐತಾ ನೋಡ್ಕಂಡ್ ಬತ್ತೀನಿ ಇರವ್ವ. ಕೈಯಾದ್ರೆ ಕಣ್ಣಿಗೆ ಕಾಣ್ತಿತ್ತು!"

ಅಷ್ಟರಲ್ಲಿ ಬಸ್ಸೊಂದು ಬ್ರೇಕ್ ಕಿರುಗುಟ್ಟಿಸುತ್ತ ಬಂದು, ಅವರಿಂದ ಮೊಳ ದೂರದಲ್ಲಿ ನಿಂತಿತು. ಬೈಯಲೆಂದು ತಲೆ ಹೊರಹಾಕಿದ ಡ್ರೈವರನ್ನೇ ಮಾವ ಕೇಳಿದರು: "ಅಲ್ಲಿಂದ ಚೆನ್ನಾಗ್ ಕಾಣ್ತದಾ ಸ್ವಾಮಿ?"

ಅಂದಿನಿಂದ ಕಣ್ಣು ಮುಚ್ಚಿದರೆ ಆ ಬಸ್ಸಿನ ಮೂತಿಯೇ. ಮೊನ್ನೆ ಭಾನುವಾರ ಮಾವ ಸ್ಟೀರಿಂಗ್ ಪಕ್ಕದಲ್ಲೇ, ಇಂಡಿಕೇಟರ್ ಜೊತೆಗೆ ಮಿನುಗುವ ಪುಟ್ಟ ಹಸಿರು ದೀಪ ಕೂರಿಸಿದರು. ಆ ರಾತ್ರಿ ನಾನು ಬೆಳಗಾಗುವವರೆಗೆ ನಿದ್ದೆ ಮಾಡಿದೆ.