ಅವೆಲಿನೊನ ತಲೆ, ತೋಳು, ಹಲ್ಲು

ಅವೆಲಿನೊ ಫುರ್ಟಾಡೊ ಒಂದು ದಿನವೂ ಕಾಲೇಜಿಗೆ ಓದಲು ಹೋದವನಲ್ಲ, ಆದರೆ ಕಾಲೇಜು ಅವನ ಮೇಲೆ ಕಲಿತಷ್ಟು ಇನ್ಯಾರ ಮೇಲೂ ಕಲಿತಿಲ್ಲ. ಕ್ಯಾಲಿಫೋರ್ನಿಯಾದ ಒಳನಾಡಿನ ಆ ಹಾಲಿನ ಊರಿನಲ್ಲಿ ಕಮ್ಯುನಿಟಿ ಕಾಲೇಜು ಎಂದರೆ ಎಲ್ಲರದೂ. ಬೆಳಿಗ್ಗೆ ಹಸು ಕರೆದು ಸಂಜೆ ಲೆಕ್ಕ ಬರೆಯಲು ಕಲಿಯುವವರು, ಮಗುವನ್ನು ಅಜ್ಜಿಯ ಮಡಿಲಿಗೆ ಹಾಕಿ ವೆಲ್ಡಿಂಗ್ ಕಲಿಯಲು ಓಡಿ ಬರುವವರು, ಅಪ್ಪ ಮಗ ಒಂದೇ ಬೆಂಚಿನಲ್ಲಿ ಕೂತು ಒಬ್ಬರದನ್ನೊಬ್ಬರು ನೋಡಿ ಬರೆಯುವವರು! ಕ್ಷೌರ ಕಲಿಯುವವರಿಗೆ ಒಂದು ತಲೆ ಬೇಕು, ಸೂಜಿ ಚುಚ್ಚಲು ಕಲಿಯುವವರಿಗೆ ಒಂದು ತೋಳು ಬೇಕು, ಬ್ರೇಕು ಬಿಚ್ಚುವವರಿಗೆ ಒಂದು ಗಾಡಿ ಬೇಕು. ಕೇಳಿದವರಿಗೆಲ್ಲ ಅವೆಲಿನೊ ಕೊಟ್ಟ.

ಶುರುವಾದದ್ದು ಹೆಂಡತಿ ಒಡೆಟ್‌ಳಿಂದ. ಮದುವೆಯ ಹೊಸತರಲ್ಲಿ ಅವಳು ಟೈಪಿಂಗ್ ಕಲಿಯಲು ಸಂಜೆ ಕಾಲೇಜಿಗೆ ಸೇರಿದಳು. ಅವೆಲಿನೊ ಹಾಲು ಕರೆದು ಮುಗಿಸಿ, ಗಂಬೂಟಿನಲ್ಲೇ ಬಂದು, ಟ್ರಕ್ಕಿನಲ್ಲಿ ಕೂತು ಅವಳಿಗಾಗಿ ಕಾಯುತ್ತಿದ್ದ. ಒಂದು ಸಂಜೆ ಬಿಳಿ ಅಂಗಿಯ ಹುಡುಗಿಯೊಬ್ಬಳು ಕಿಟಕಿ ತಟ್ಟಿದಳು.

"ಸರ್, ಒಂದು ತಲೆ ಬೇಕಿತ್ತು. ಮೇಡಂಗೆ ಕಟಿಂಗ್ ಮಾಡಿ ತೋರಿಸ್ಬೇಕು."

"ಇರೋದು ಇದೊಂದೇ. ಹುಷಾರಾಗಿ ವಾಪಸ್ ಕೊಡಮ್ಮ."

ಒಡೆಟ್ ಹೊರಗೆ ಬಂದವಳು ಗಂಡನ ತಲೆ ನೋಡಿ ಅಲ್ಲೇ ನಿಂತುಬಿಟ್ಟಳು. "ಅಯ್ಯೋ ಲೀನೊ, ಯಾವ ಹಸು ಮೇಯ್ತು ನಿನ್ನ ತಲೇನ?"

"ಇನ್ನೂ ಮೇಯೋಕೆ ಕಲೀತಿದೆ ಪಾಪ. ಮುಂದಿನ ವಾರ ಮತ್ತೆ ಬರ್ತೀನಿ ಅಂದಿದೀನಿ."

ಅಂದಿನಿಂದ ಹಿಡಿದಿದ್ದು ಬಿಡಲೇ ಇಲ್ಲ. ನರ್ಸಿಂಗ್ ಕಲಿಯುವವರು ಅವನ ತೋಳಿನಲ್ಲಿ ನರ ಹುಡುಕಿದರು. ಚಿತ್ರ ಕಲಿಯುವವರು ಅವನ ಮೂಗನ್ನು ಸಾಲು ಸಾಲಾಗಿ ಬರೆದು ಗೋಡೆಗೆ ಅಂಟಿಸಿದರು. ಅಡುಗೆ ಕಲಿಯುವವರ ಉಪ್ಪು ಜಾಸ್ತಿಯಾದ ಸೂಪನ್ನು ಕುಡಿದು "ಪರವಾಗಿಲ್ಲ, ಸಮುದ್ರದ ನೆನಪಾಯ್ತು" ಎಂದ. ಕೊಡದೆ ಉಳಿಸಿಕೊಂಡಿದ್ದು ಬಾಯಿಯೊಂದನ್ನೇ. ಹುಡುಗನಾಗಿದ್ದಾಗ ಚಿಕ್ಕಪ್ಪ ಅವನನ್ನು ಕೊಟ್ಟಿಗೆಯ ಸ್ಟೂಲಿನ ಮೇಲೆ ಕೂರಿಸಿ, ದನದ ಡಾಕ್ಟರ ಇಕ್ಕಳದಲ್ಲಿ ಹಲ್ಲು ಕಿತ್ತಿದ್ದ. ಆವತ್ತು ಮುಚ್ಚಿದ ಬಾಯನ್ನು ಅವೆಲಿನೊ ಯಾವ ದಂತವೈದ್ಯನ ಮುಂದೆಯೂ ತೆರೆದಿರಲಿಲ್ಲ.

ಆ ಬಾಯಿಯ ಮೇಲೆಯೇ ಯೆಸೆನಿಯಾಳ ಕಣ್ಣು ಬಿತ್ತು.

ಯೆಸೆನಿಯಾ ಓಕಾಂಪೊ ಹಲ್ಲು ಶುಚಿ ಮಾಡುವ ಕೋರ್ಸಿನ ಕೊನೆಯ ವರ್ಷದ ಹುಡುಗಿ. ಅವಳ ಅಮ್ಮ ಟೊಮೆಟೊ ಕಾರ್ಖಾನೆಯಲ್ಲಿ ದುಡಿದು ಓದಿಸುತ್ತಿದ್ದಳು. ಆ ಕೋರ್ಸಿನವರ ಕಷ್ಟವೇ ಬೇರೆ: ಲೈಸೆನ್ಸಿನ ಪರೀಕ್ಷೆಗೆ ಪ್ರತಿಯೊಬ್ಬರೂ ತಮ್ಮ ರೋಗಿಯನ್ನು ತಾವೇ ಹುಡುಕಿ ತರಬೇಕು, ಆ ರೋಗಿಯ ಹಲ್ಲಿನ ಬುಡದಲ್ಲಿ ಕರೆ ಕಲ್ಲಿನಂತೆ ಕಟ್ಟಿರಬೇಕು. ಅರೆಬರೆ ಕೊಳಕು ಸಾಲದು! ಹಾಗಾಗಿ ಆ ವಸಂತದಲ್ಲಿ ಹುಡುಗಿಯರು ಚರ್ಚಿನಲ್ಲಿ, ಬಸ್ಸಿನಲ್ಲಿ, ಟಾಕೊ ಅಂಗಡಿಯ ಸಾಲಿನಲ್ಲಿ ಎಲ್ಲರನ್ನೂ ನಗಿಸಿ ನಗಿಸಿ ಬಾಯಿ ನೋಡುತ್ತಿದ್ದರು. ಅವೆಲಿನೊ ಕಾಲೇಜಿನ ಕ್ಯಾಂಟೀನಿನಲ್ಲಿ ಏನಕ್ಕೋ ಗಹಗಹಿಸಿ ನಕ್ಕ. ಯೆಸೆನಿಯಾಳ ಕೈಯಿಂದ ಚಮಚ ಬಿತ್ತು.

"ಡಾನ್ ಅವೆಲಿನೊ," ಎಂದಳು ಮೆಲ್ಲಗೆ, ತಮ್ಮವರು ಹಿರಿಯರನ್ನು ಕರೆಯುವ ಮರ್ಯಾದೆಯಲ್ಲಿ, "ನಿಮ್ಮ ಬಾಯಿ ಎಷ್ಟು ಚೆನ್ನಾಗಿದೆ!"

ಅವನ ನಗು ನಿಂತಿತು. "ಅದೊಂದು ಕೇಳ್ಬೇಡ ಮಗಳೇ."

"ಈ ಪರೀಕ್ಷೆ ತಪ್ಪಿದ್ರೆ ಮುಂದಿನ ವರ್ಷದವರೆಗೆ ಕಾಯ್ಬೇಕು. ಕ್ಲಿನಿಕ್‌ನವರು ಕೊಡ್ತೀವಿ ಅಂದ ಕೆಲಸಾನ ಅಲ್ಲೀವರೆಗೆ ಇಟ್ಕೊಂಡು ಕೂತಿರಲ್ಲ. ಅಮ್ಮ ಇನ್ನೊಂದು ಸೀಸನ್ ಕಾರ್ಖಾನೇಲಿ ಆ ಹಣ್ಣು ಸಾಗೋ ಬೆಲ್ಟಿನ ಮುಂದೆ ನಿಲ್ಬೇಕಾಗತ್ತೆ."

ಮನೆಯಲ್ಲಿ ಒಡೆಟ್ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಬೇರೆಯವರ ಹೊಲಕ್ಕೆ ಬೆಲೆ ಬರತ್ತೆ, ಹಸುವಿಗೆ ಬೆಲೆ ಬರತ್ತೆ. ನನ್ನ ಗಂಡನ ಕೊಳಕು ಹಲ್ಲಿಗೆ ಬೆಲೆ ಬಂತಪ್ಪ!" ಆಮೇಲೆ ನಗು ನಿಲ್ಲಿಸಿ ಅವನ ಕೈ ಹಿಡಿದಳು. "ಹೋಗು ಲೀನೊ. ನಾನೂ ಬರ್ತೀನಿ. ಈ ಸಲ ನಾನು ಕಾಯ್ತೀನಿ."

ಪರೀಕ್ಷೆಯ ಬೆಳಿಗ್ಗೆ ಬಾಗಿಲಲ್ಲೇ ರಕ್ತದೊತ್ತಡ ನೋಡುವ ಮೇಜು. ಅಲ್ಲಿದ್ದದ್ದು ಬೇರೆ ಊರಿನಿಂದ ಬಂದ ಹೆಂಗಸು, ಇಲ್ಲಿ ಯಾರ ಪರಿಚಯವೂ ಇಲ್ಲದವಳು. ಒಳಗಿನ ಕುರ್ಚಿಗಳು ಕಾಣುತ್ತಿದ್ದವು, ಇಕ್ಕಳದಂಥ ಸದ್ದು ಕೇಳುತ್ತಿತ್ತು. ಅವೆಲಿನೊನ ಎದೆ ಡೋಲು ಬಡಿಯಿತು.

"ತುಂಬಾ ಜಾಸ್ತಿ ಇದೆ," ಎಂದಳು ಅವಳು. "ಒಳಗೆ ಬಿಡೋ ಹಾಗಿಲ್ಲ. ಹೊರಗೆ ಕೂತು ಸುಧಾರಿಸ್ಕೊಳ್ಳಿ, ಇನ್ನೊಂದೇ ಸಲ ನೋಡ್ತೀನಿ."

ಯೆಸೆನಿಯಾಳ ಮುಖ ಸುಣ್ಣದಂತಾಯಿತು. "ಬದಲಿಗೆ ಯಾರಾದ್ರೂ ಇದಾರಾ?" ಎಂದು ಒಡೆಟ್ ಪಿಸುಗುಟ್ಟಿದಳು.

"ಮಾವ ಇದ್ದ. ನಿನ್ನೆ ಖುಷಿಯಾಗಿ ಹೋಗಿ ಹಲ್ಲು ಕ್ಲೀನ್ ಮಾಡಿಸ್ಕೊಂಡು ಬಂದಿದಾನೆ, ನನಗೆ ಮರ್ಯಾದೆ ಆಗ್ಲಿ ಅಂತ!"

ಅವೆಲಿನೊ ಹೊರಗಿನ ಬೆಂಚಿನಲ್ಲಿ ಕಣ್ಣು ಮುಚ್ಚಿದ. ಹೆದರಬೇಡ ಎಂದು ಎದೆಗೆ ಹೇಳಿದರೆ ಎದೆ ಕೇಳುತ್ತದೆಯೇ? ಒಡೆಟ್ ಅವನ ಕಿವಿಯ ಹತ್ತಿರ ಬಾಗಿದಳು. "ಲೀನೊ, ನಾವು ಕೂತಿರೋ ಕಡೆ ಮೊದ್ಲು ಏನಿತ್ತು ಹೇಳು?"

ಏನಿತ್ತು? ಜರ್ದಾಳು ತೋಟ. ಅವನು ಮೊಣಕಾಲುದ್ದದ ಹುಡುಗ, ಅಮ್ಮ ಹಣ್ಣು ಸೀಳಿ ತಟ್ಟೆಗಳಲ್ಲಿ ಒಣಗಲು ಇಡುತ್ತಾಳೆ, ಗಾಳಿಯೇ ಸಿಹಿ, ನೆರಳೆಲ್ಲ ಹೊಂಬಣ್ಣ. ಅಲ್ಲಿಂದ ಮೆಲ್ಲಗೆ ತೇಲಿದ. ಯುದ್ಧ ಬಂತು, ಸೈನಿಕರು ಮರ ಕಡಿದು ವಿಮಾನ ಇಳಿಸಿದರು, ಸಾಲು ಸಾಲು ಮರದ ಶೆಡ್ಡು ಕಟ್ಟಿದರು. ಯುದ್ಧ ಹೋಯಿತು, ವಿಮಾನ ಹಾರಿಹೋದವು, ಶೆಡ್ಡು ಉಳಿದವು. ಊರಿನವರು ಅವುಗಳೊಳಗೆ ಬೆಂಚು ಹಾಕಿ, ಹೊರಗೆ ಬಣ್ಣ ಬಳಿದು, ಇದು ನಮ್ಮ ಕಾಲೇಜು ಎಂದರು. ಬೇಸಿಗೆಯಲ್ಲಿ ಆ ಹಲಗೆಗಳಿಂದ ಸೈನಿಕರ ಬೂಟಿನ ಪಾಲಿಶ್ ವಾಸನೆ ಬರುತ್ತಿತ್ತು. ಮೂರನೆಯ ಶೆಡ್ಡಿನ ಕಿಟಕಿಯಲ್ಲಿ ದೀಪ, ದೀಪದಡಿ ಒಡೆಟ್‌ಳ ಬಗ್ಗಿದ ಕತ್ತು, ಟೈಪ್‌ರೈಟರುಗಳ ಟಕಟಕ ತಗಡಿನ ಮೇಲೆ ಸೋನೆ ಮಳೆಯ ಹಾಗೆ. ಅವನು ಟ್ರಕ್ಕಿನಲ್ಲಿ ಕೂತಿದ್ದಾನೆ. ಯಾವ ಅವಸರವೂ ಇಲ್ಲ. ಬಿಳಿ ಅಂಗಿಯ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕಿಟಕಿ ತಟ್ಟುತ್ತಿದ್ದಾರೆ, ಒಬ್ಬಳಿಗೆ ತಲೆ, ಒಬ್ಬಳಿಗೆ ತೋಳು, ಎಲ್ಲರ ಕೈಯೂ ನಡುಗುತ್ತಿದೆ. ಎಲ್ಲರಿಗಿಂತ ಹಿಂದೆ ಒಬ್ಬಳು ನಿಂತಿದ್ದಾಳೆ, ಅವಳ ಕೈ ಎಲ್ಲರಿಗಿಂತ ಹೆಚ್ಚು ನಡುಗುತ್ತಿದೆ. ಅಯ್ಯೋ, ಈ ಮಗು ನನಗಿಂತ ಹೆದರಿದೆಯಲ್ಲ!

ತೋಳಿಗೆ ಪಟ್ಟಿ ಸುತ್ತಿದ್ದು, ಬಿಗಿದದ್ದು, ಸಡಿಲಾದದ್ದು ಅವನಿಗೆ ಎಲ್ಲೋ ದೂರದಲ್ಲಿ ಗೊತ್ತಾಯಿತು.

"ಇದೇನು, ಇಳಿದುಬಿಟ್ಟಿದೆ!" ಎಂದಳು ಪರವೂರಿನ ಹೆಂಗಸು. "ಏನು ಮಾತ್ರೆ ಕೊಟ್ರಿ?"

"ಹಳೇದು," ಎಂದಳು ಒಡೆಟ್.

ಕುರ್ಚಿ ಹಿಂದಕ್ಕೆ ಬಾಗಿತು. ಮೇಲೆ, ಚಾವಣಿಯಲ್ಲಿ, ಚಿತ್ರ ಕಲಿಯುವ ಹುಡುಗರು ಹೂ ಬಿಟ್ಟ ಜರ್ದಾಳು ಕೊಂಬೆಗಳನ್ನು ಬರೆದಿದ್ದರು. ಮಲಗಿದವರಿಗೆ ಮಾತ್ರ ಕಾಣುವ ಹಾಗೆ! ಇಷ್ಟು ವರ್ಷ ಈ ಕಾಲೇಜಿನಲ್ಲಿ ಸುತ್ತಿದ ಅವೆಲಿನೊ ಅದನ್ನು ನೋಡಿದ್ದು ಅಂದೇ. ಅವನು ಬಾಯಿ ತೆರೆದ. ಯೆಸೆನಿಯಾಳ ಕೈ ಮೊದಲು ನಡುಗಿತು, ಆಮೇಲೆ ನಡುಕ ನಿಂತಿತು. ಅವಳು ಕೆರೆದಳು, ಕೆರೆದಳು, ಹೂಗಳು ಅಲುಗಿದ ಹಾಗಾಯಿತು. ಪರೀಕ್ಷಕರು ಬಗ್ಗಿ ನೋಡುವ ಹೊತ್ತಿಗೆ ರೋಗಿ ಗೊರಕೆ ಹೊಡೆಯುತ್ತಿದ್ದ.

ಯೆಸೆನಿಯಾ ಪಾಸಾದಳು. ಸುದ್ದಿ ಹೇಳಲು ಅಮ್ಮನನ್ನೂ ಎಳೆದುಕೊಂಡು ಅವನ ಮನೆಗೇ ಓಡಿ ಬಂದಳು. ಟೊಮೆಟೊ ಕಾರ್ಖಾನೆಯ ಬೆಲ್ಟಿನ ಮುಂದೆ ಆ ಬೇಸಿಗೆ ಬೇರೆ ಯಾರೋ ನಿಂತರು.

ಮಾರನೆಯ ವಸಂತದಲ್ಲಿ ಕ್ಯಾಂಟೀನಿನಲ್ಲಿ ಅವೆಲಿನೊ ಮತ್ತೆ ಗಹಗಹಿಸಿದ. ಹೊಸ ಹುಡುಗಿಯೊಬ್ಬಳು ಆಸೆಯಿಂದ ಬಗ್ಗಿ ನೋಡಿ, ಮುಖ ಚಿಕ್ಕದು ಮಾಡಿಕೊಂಡಳು. "ಛೆ! ಎಷ್ಟು ಚೊಕ್ಕ ಇವೆ. ನಿಮ್ಮ ಬಗ್ಗೆ ಎಲ್ಲಾ ಹೇಳಿದ್ರು, ನಂಬಿ ಬಂದೆ."

ಅವೆಲಿನೊನಿಗೆ ನಾಚಿಕೆಯೇ ಆಯಿತು. "ಸ್ವಲ್ಪ ತಾಳು ಮಗಳೇ," ಎಂದ, "ಹೊಲಾನೂ ಒಂದು ಬೆಳೆ ಆದ್ಮೇಲೆ ಬೀಳು ಬಿಡ್ಬೇಕಾಗತ್ತೆ. ಬೆಳೆಸಿ ಕೊಡ್ತೀನಿ."

ಪಕ್ಕದಲ್ಲಿ ಕೂತಿದ್ದ ಒಡೆಟ್ ಚೀಲಕ್ಕೆ ಕೈ ಹಾಕಿ, ಹಲ್ಲುಜ್ಜುವ ಬ್ರಷ್ ತೆಗೆದು ಅವನ ಸೂಪಿನ ಬಟ್ಟಲಿನ ಪಕ್ಕ ಇಟ್ಟಳು.